ಬಲಗೈ ಪಕ್ಕದ ಕಥೆಗಳು

ಅಪ್ಪನ ಎಡಗೈಗೆ ಫಿಸ್ಟುಲಾ ಆದ ಮೇಲೆ ಬೆಂಗಳೂರಿನ ಮೂಡಲಪಾಳ್ಯದ ಒಂದು ಬಾಡಿಗೆ ಮನೆಯಲ್ಲಿ ಮೊದಲು ಬದಲಾದದ್ದು ಮಕ್ಕಳು ಮಲಗುವ ಜಾಗ. ಅಲ್ಲಿಯವರೆಗೆ ಐದು ವರ್ಷದ ಮಗ ಅಪ್ಪನ ಎಡತೋಳಿನ ಮೇಲೆ ತಲೆಯಿಟ್ಟು, ಒಂಬತ್ತು ವರ್ಷದ ಮಗಳು ಬಲಗಡೆ ಒರಗಿಕೊಂಡು ಕಥೆ ಕೇಳುತ್ತಿದ್ದರು. ಆಪರೇಷನ್ ಆದ ಕೈ ಮೇಲೆ ಭಾರ ಬೀಳುವ ಹಾಗಿಲ್ಲ, ಆ ಕೈಯಲ್ಲಿ ಬಿಪಿ ನೋಡಿಸುವ ಹಾಗಿಲ್ಲ, ವಾಚು ಕಟ್ಟುವ ಹಾಗಿಲ್ಲ, ಆ ಮಗ್ಗುಲಿಗೆ ಮಲಗುವ ಹಾಗೂ ಇಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಹಾಗಾಗಿ ಇಬ್ಬರೂ ಬಲಗಡೆಗೆ ಬಂದರು. ಒಂದೇ ತೋಳಿಗೆ ಎರಡು ತಲೆ. ಅಪ್ಪನ ಹತ್ತಿರ ಯಾರು, ಗೋಡೆಯ ಹತ್ತಿರ ಯಾರು ಎಂಬ ಜಗಳ ದಿನವೂ ಏಳತೊಡಗಿ, ಕೊನೆಗೆ ಅಮ್ಮ ಇಬ್ಬರಿಗೂ ಪಾಳಿ ಹಾಕಿಕೊಡಬೇಕಾಯಿತು.

ಫಿಸ್ಟುಲಾ ಎಂದರೆ ಮುಂಗೈಯಲ್ಲಿ ಹೃದಯದಿಂದ ರಕ್ತ ತರುವ ನಾಳವನ್ನು ಹೃದಯಕ್ಕೆ ರಕ್ತ ಒಯ್ಯುವ ನಾಳಕ್ಕೆ ನೇರ ಜೋಡಿಸಿ ಹೊಲಿಯುವುದು. ರಭಸದ ರಕ್ತ ನುಗ್ಗಿ ಆ ಎರಡನೆಯ ನಾಳ ಕೆಲವು ವಾರಗಳಲ್ಲಿ ಹಿಗ್ಗಿ, ದಪ್ಪವಾಗಿ, ಮೆಷಿನ್ನಿನಲ್ಲಿ ರಕ್ತ ಸೋಸುವ ಡಯಾಲಿಸಿಸ್ಸಿನ ದಪ್ಪ ಸೂಜಿಗಳನ್ನು ತಾಳಿಕೊಳ್ಳುವಂತಾಗುತ್ತದೆ. ನ್ಯೂಯಾರ್ಕಿನ ಬ್ರೆಷಿಯಾ, ಸಿಮಿನೊ ಎಂಬ ವೈದ್ಯರು ತಮ್ಮ ಸಂಗಡಿಗರೊಂದಿಗೆ 1966ರಲ್ಲಿ ಪ್ರಕಟಿಸಿದ ಈ ವಿಧಾನವೇ ಇವತ್ತಿಗೂ ನಡೆಯುತ್ತಿರುವುದು. ಅಲ್ಲಿ ಬೆರಳಿಟ್ಟರೆ ಚರ್ಮದಡಿ ಏನೋ ಜುಮ್ಮೆನ್ನುತ್ತದೆ, ಕಿವಿಯಿಟ್ಟರೆ ಗುಂಯ್ಗುಡುವ ಸದ್ದು ಕೇಳುತ್ತದೆ. ಮಗ ಒಂದೇ ಸಲ ಕಿವಿಯಿಟ್ಟು ಕೇಳಿ, ಅಪ್ಪನ ಕೈಯಲ್ಲಿ ಜೇನು ಕೂತಿದೆ ಎಂದು ತೀರ್ಮಾನ ಕೊಟ್ಟ. ಆ ಸದ್ದು ನಿಂತರೆ ತಡಮಾಡದೆ ಆಸ್ಪತ್ರೆಗೆ ಬರಬೇಕು, ಬೆಳಿಗ್ಗೆ ಸಂಜೆ ಮುಟ್ಟಿ ನೋಡಿಕೊಳ್ಳಿ ಎಂದು ವೈದ್ಯರು ಹೇಳಿದ್ದರು. ಸಂಜೆಯ ಪಾಲಿನ ಕೆಲಸವನ್ನು ಅಪ್ಪ ಮಗನಿಗೇ ವಹಿಸಿದರು. ರಾತ್ರಿ ಅವನು ಜೇನು ಇದೆಯೋ ಇಲ್ಲವೋ ನೋಡಿ ‘ಇದೆ’ ಎಂದ ಮೇಲೆಯೇ ಪುಸ್ತಕ ತೆರೆಯುವುದು.

ಅಪ್ಪ ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಆಪರೇಟರ್. ಮೂಡಲಪಾಳ್ಯ, ನಾಗರಬಾವಿ, ಪಂಚಶೀಲನಗರದ ಕಡೆಯಿಂದ ಆ ಕಡೆಯ ಶೆಡ್ಡುಗಳಿಗೆ ದಿನಾ ಹೋಗಿಬರುವ ಸಾವಿರಾರು ಜನರ ಪೈಕಿ ಒಬ್ಬರು. 2017ರ ಮಳೆಗಾಲದಲ್ಲಿ ಬೆಳಗ್ಗೆ ಎದ್ದಾಗ ಪಾದ ಊದಿಕೊಳ್ಳುತ್ತಿತ್ತು. ನಿಂತು ಕೆಲಸ ಮಾಡುವವರಿಗೆ ಅದು ಇದ್ದದ್ದೇ ಅಂದುಕೊಂಡರು. ಆಮೇಲೆ ಮೈ ನವೆ, ಬಾಯಿ ರುಚಿಯಿಲ್ಲ, ಮೆಟ್ಟಿಲು ಹತ್ತಿದರೆ ಉಬ್ಬಸ. ಬಡಾವಣೆಯ ಡಾಕ್ಟರು ಬಿಪಿ ನೋಡಿ ಗಾಬರಿಯಾಗಿ ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಎಂಬ ಪದ ಆ ಮನೆಗೆ ಕಾಲಿಟ್ಟದ್ದು ಆಗ. ಎಷ್ಟೋ ವರ್ಷದಿಂದ ಸದ್ದಿಲ್ಲದೆ ಏರಿದ್ದ ರಕ್ತದೊತ್ತಡ ಎರಡೂ ಮೂತ್ರಪಿಂಡಗಳನ್ನು ಕೆಡಿಸಿಬಿಟ್ಟಿತ್ತು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವೆರಡೇ ಹೆಚ್ಚಿನವರ ಕಿಡ್ನಿ ಕೆಡುವುದಕ್ಕೆ ಕಾರಣ. ಎರಡಕ್ಕೂ ಮೊದಮೊದಲು ನೋವಿಲ್ಲ, ಹಾಗಾಗಿ ಜನ ಗಮನಿಸುವುದೂ ಇಲ್ಲ.

ಮಕ್ಕಳಿಗೆ ಏನು ಹೇಳುವುದು? ಮಾಗಡಿ ಕಡೆಯ ಹಳ್ಳಿಯಿಂದ ಬಂದು ಜೊತೆಯಲ್ಲಿದ್ದ ಅಜ್ಜಿಯದು ಒಂದೇ ಮಾತು: ಮಕ್ಕಳ ಕಿವಿಗೆ ಹಾಕಬೇಡಿ. ಅಪ್ಪನಿಗೆ ಸ್ವಲ್ಪ ಹುಷಾರಿಲ್ಲ, ಡಾಕ್ಟರು ವಾರಕ್ಕೆ ಮೂರು ದಿನ ಬರಕ್ಕೆ ಹೇಳಿದ್ದಾರೆ, ಅಷ್ಟೇ ಸಾಕು. ದೊಡ್ಡವರು ಅಡುಗೆಮನೆಯಲ್ಲಿ ಪಿಸುಗುಟ್ಟತೊಡಗಿದರು. ಮಗಳು ಬಂದರೆ ಮಾತು ತರಕಾರಿ ರೇಟಿಗೆ ಹೊರಳುತ್ತಿತ್ತು. ಈಗ ಪಿಯುಸಿಯ ವಯಸ್ಸಿನ ಮಗಳಿಗೆ ಆ ತಿಂಗಳುಗಳಲ್ಲಿ ಚೆನ್ನಾಗಿ ನೆನಪಿರುವುದು ಆ ಪಿಸುಮಾತೇ. ಏನೋ ಇದೆ ಎಂಬುದು ಅವಳಿಗೆ ಗೊತ್ತಿತ್ತು, ಏನು ಎಂದು ಗೊತ್ತಿರಲಿಲ್ಲ, ಅಷ್ಟೇ.

ಕಥೆ ಓದುವ ರೂಢಿ ಕಾಯಿಲೆಗಿಂತ ಹಳೆಯದು. ಅಪ್ಪ ಚಿಕ್ಕವರಿದ್ದಾಗ ‘ಚಂದಮಾಮ’ ಓದಿ ಬೆಳೆದವರು. 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಮೊದಲು ಹೊರಬಂದ ಆ ಪತ್ರಿಕೆ ಎರಡು ವರ್ಷದ ಮೇಲೆ ಕನ್ನಡಕ್ಕೂ ಬಂದಿತ್ತು. 2013ರ ಹೊತ್ತಿಗೆ ನಿಂತೂಹೋಗಿತ್ತು. ಹೆಣವನ್ನು ಹೆಗಲಿಗೇರಿಸಿ ನಡೆಯುವ ವಿಕ್ರಮನ ಚಿತ್ರವನ್ನು ಮಕ್ಕಳಿಗೆ ತೋರಿಸಬೇಕೆಂದು ಅಪ್ಪನಿಗೆ ಆಸೆ. ಹಳೆಯ ಸಂಚಿಕೆಗಳು ಸಿಕ್ಕುವ ಜಾಗ ಅವೆನ್ಯೂ ರಸ್ತೆ. ಡಯಾಲಿಸಿಸ್ ಆಸ್ಪತ್ರೆ ಇದ್ದದ್ದೂ ಮಾರ್ಕೆಟ್ಟಿನ ಕಡೆಗೇ. 2017ರ ಜೂನ್‌ನಲ್ಲಷ್ಟೇ ಕೆ.ಆರ್. ಮಾರ್ಕೆಟ್‌ವರೆಗೆ ಮೆಟ್ರೊ ಓಡಲು ಶುರುವಾಗಿತ್ತು. ಅತ್ತಿಗುಪ್ಪೆಯಲ್ಲಿ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಮಾರ್ಕೆಟ್ಟಿನಲ್ಲಿ ಇಳಿಯುವುದು. ಗಂಡನನ್ನು ಮೆಷಿನ್ನಿಗೆ ಹಾಕಿದ ಮೇಲೆ ನಾಲ್ಕು ಗಂಟೆ ಅಮ್ಮ ಕಾಯಬೇಕಿತ್ತು. ಕೂತಲ್ಲಿ ಕೂರಲಾರದೆ ಅವರು ಒಂದು ದಿನ ಅವೆನ್ಯೂ ರಸ್ತೆಯತ್ತ ನಡೆದುಹೋಗಿ, ಫುಟ್‌ಪಾತಿನ ರಾಶಿಯಿಂದ ರಟ್ಟು ಹರಿದ ಚಂದಮಾಮಗಳನ್ನು ಹೆಕ್ಕಿಕೊಂಡು ಬಂದರು. ಆಮೇಲೆ ಅದೇ ಅಭ್ಯಾಸವಾಯಿತು.

ಇನ್ನೊಂದು ಮೂಲ ಹಂಪಿನಗರದ ನಗರ ಕೇಂದ್ರ ಗ್ರಂಥಾಲಯ. ಮಕ್ಕಳ ಕಪಾಟಿನಲ್ಲಿ ಮಗಳ ಕೈಗೆ ಸಿಕ್ಕಿದ್ದು ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’. ಹನ್ನೆರಡು ಸಂಪುಟ. ಹೆಸರೇ ಹೇಳುವ ಹಾಗೆ ದಿನಕ್ಕೊಂದರಂತೆ ಓದಿ ಮುಗಿಸಬಹುದಾದ ಪುಟ್ಟ ಪುಟ್ಟ ಕಥೆಗಳು. ಕನ್ನಡದ ಎಷ್ಟೋ ಮನೆಗಳಲ್ಲಿ ಎರಡು ಮೂರು ತಲೆಮಾರು ಇವನ್ನು ಕೇಳಿಕೊಂಡೇ ನಿದ್ದೆಹೋಗಿವೆ.

ಅದನ್ನು ಬರೆದವರ ಮನೆಯ ಸಂಗತಿ ಮಗಳಿಗೆ ತಿಳಿದದ್ದು ಬಹಳ ತಡವಾಗಿ, ಹೈಸ್ಕೂಲಿನಲ್ಲಿ. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಅನುಪಮಾ ವೃತ್ತಿಯಿಂದ ವೈದ್ಯೆ. ಧಾರವಾಡದಲ್ಲಿ, ಬೆಂಗಳೂರಿನಲ್ಲಿ ಪ್ರಾಕ್ಟೀಸ್ ಮಾಡಿದವರು. ಕಾದಂಬರಿಗಳ ಜೊತೆಗೆ ‘ತಾಯಿ-ಮಗು’ವಿನಂಥ ಆರೋಗ್ಯದ ಪುಸ್ತಕಗಳನ್ನೂ ಬರೆದವರು. ಗಂಡ ‘ಚಿರಸ್ಮರಣೆ’ ಕಾದಂಬರಿಯ ನಿರಂಜನ. 1970ರ ದಶಕದ ಆರಂಭದಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಮೈಯ ಒಂದು ಭಾಗ ಸ್ವಾಧೀನ ತಪ್ಪಿದ ಮೇಲೂ ಅವರು ‘ಮೃತ್ಯುಂಜಯ’ದಂಥ ದೊಡ್ಡ ಕಾದಂಬರಿ ಬರೆದರು, ಜಗತ್ತಿನ ಕಥೆಗಳನ್ನೆಲ್ಲ ಕನ್ನಡಕ್ಕೆ ತರಿಸಿ 25 ಸಂಪುಟಗಳ ‘ವಿಶ್ವಕಥಾಕೋಶ’ ಸಂಪಾದಿಸಿದರು. ಮುಂದೆ ಅನುಪಮಾ ಅವರಿಗೇ ಕ್ಯಾನ್ಸರ್ ಆಯಿತು. 1991ರಲ್ಲಿ ತೀರಿಕೊಂಡರು. ಕಾಯಿಲೆ ಇದ್ದ ಮನೆಯೊಂದರಿಂದ ಕನ್ನಡದ ಮಕ್ಕಳಿಗೆ ಹನ್ನೆರಡು ಸಂಪುಟ, ದೊಡ್ಡವರಿಗೆ ಇಪ್ಪತ್ತೈದು ಸಂಪುಟ ಕಥೆ ಬಂದಿದೆ.

ಡಯಾಲಿಸಿಸ್ ಇರುವ ಮನೆಯಲ್ಲಿ ವಾರಕ್ಕೆ ಏಳು ದಿನ ಇರುವುದಿಲ್ಲ. ಮೆಷಿನ್ ದಿನ, ಮೆಷಿನ್ ಇಲ್ಲದ ದಿನ ಎಂದು ಎರಡೇ ಥರ. ಮೆಷಿನ್ ದಿನ ಅಪ್ಪ ಮನೆಗೆ ಬರುವಾಗ ಬಿಳಿಚಿಕೊಂಡಿರುತ್ತಿದ್ದರು. ಎರಡು ದಿನ ಮೈಯಲ್ಲಿ ಸೇರಿದ ನೀರನ್ನು ನಾಲ್ಕೇ ಗಂಟೆಯಲ್ಲಿ ಎಳೆದು ತೆಗೆದ ಸುಸ್ತು. ಕೆಲವೊಮ್ಮೆ ಕಾಲಿನ ಮೀನಖಂಡ ಹಿಡಿದುಕೊಂಡು ಹಲ್ಲು ಕಚ್ಚುತ್ತಿದ್ದರು. ಆ ರಾತ್ರಿಗಳಿಗೆ ಒಂದು ಪುಟದ ಕಥೆ. ಅದನ್ನೂ ಅಮ್ಮ ಓದುವುದು, ಅಪ್ಪ ಬರೀ ಹ್ಞೂಂಗುಡುವುದು. ಮರುದಿನ ಅಪ್ಪನಿಗೆ ಜೀವ ಬಂದಿರುತ್ತಿತ್ತು. ಆವತ್ತು ಬೇತಾಳನೂ ಬರಬಹುದು, ರಾಕ್ಷಸನ ದನಿಯೂ ಏರಬಹುದು, ಕಥೆ ಅರ್ಧಕ್ಕೆ ನಿಂತು ನಾಳೆಗೆ ಉಳಿಯಬಹುದು. ನಾಳೆ ಮೆಷಿನ್ ದಿನವಾದರೆ ಉಳಿದರ್ಧ ನಾಡಿದ್ದಿಗೆ.

ಕಥೆ ಕೇಳುವವರು ಹ್ಞೂಂ ಎನ್ನಬೇಕು, ಹ್ಞೂಂ ನಿಂತರೆ ನಿದ್ದೆ ಬಂತೆಂದು ಲೆಕ್ಕ, ಅಲ್ಲಿಗೆ ಕಥೆ ನಿಲ್ಲಿಸಬಹುದು. ಇದು ಅಜ್ಜಿಯ ಕಾಲದ ಕಟ್ಟಳೆ. ಮೊದಲೆಲ್ಲ ಹ್ಞೂಂ ನಿಲ್ಲುತ್ತಿದ್ದದ್ದು ಮಗನದು. ಮೆಷಿನ್ ದಿನಗಳಲ್ಲಿ ಅಪ್ಪನದೇ ಮೊದಲು ನಿಲ್ಲತೊಡಗಿತು. ಅಮ್ಮ ಪುಸ್ತಕ ಮುಚ್ಚಲು ಹೋದರೆ ಮಕ್ಕಳು ಬಿಡರು. ನಾವಿನ್ನೂ ಎದ್ದಿದ್ದೀವಿ, ಅಪ್ಪನ ಹ್ಞೂಂ ನಾವೇ ಹೇಳ್ತೀವಿ ಎಂದು ಇಬ್ಬರೂ ಸರದಿಯ ಮೇಲೆ ಅಪ್ಪನ ಪರವಾಗಿ ಗಟ್ಟಿಯಾಗಿ ಹ್ಞೂಂಗುಡುತ್ತಿದ್ದರು.

ಮಕ್ಕಳಿಗೆ ನಿಜ ಹೇಳಿದ ರಾತ್ರಿ ಯೋಜನೆ ಹಾಕಿ ಬಂದದ್ದಲ್ಲ. ಮೆಷಿನ್ ದಿನ. ಅಮ್ಮನಿಗೂ ತಲೆನೋವು. ಅಜ್ಜಿಯೇ ಮಕ್ಕಳ ಪಕ್ಕ ಕೂತು ಗೋವಿನ ಹಾಡು ಎತ್ತಿಕೊಂಡರು. ಪುಣ್ಯಕೋಟಿಯ ಕಥೆ ಗೊತ್ತಿಲ್ಲದ ಕನ್ನಡ ಮಗು ಇಲ್ಲ. ಹುಲಿಯ ಬಾಯಿಗೆ ಸಿಕ್ಕ ಹಸು, ಕರುವಿಗೆ ಹಾಲು ಕೊಟ್ಟು ಬರುತ್ತೇನೆಂದು ಮಾತು ಕೊಟ್ಟು ದೊಡ್ಡಿಗೆ ಬರುತ್ತದೆ. ಕರುವಿಗೆ ವಿಷಯ ಹೇಳುತ್ತದೆ, ಇನ್ನು ಇದನ್ನು ನಿಮ್ಮ ಕರುವೆಂದೇ ನೋಡಿಕೊಳ್ಳಿ ಎಂದು ಜೊತೆಯ ಹಸುಗಳಿಗೆ ಒಪ್ಪಿಸುತ್ತದೆ. ಶಾಲೆಯಲ್ಲಿ ಈ ಹಾಡು ಸತ್ಯ ಹೇಳುವುದರ ಪಾಠ. ಕಾಯಿಲೆಯ ಮನೆಯಲ್ಲಿ ಅದು ಇನ್ನೇನೋ ಆಗಿಬಿಡುತ್ತದೆ.

ಹಸು ಕರುವಿಗೆ ಬುದ್ಧಿ ಹೇಳುವ ಜಾಗಕ್ಕೆ ಬರುತ್ತಿದ್ದ ಹಾಗೆ ಮಗ ಎದ್ದು ಕೂತು ಅಜ್ಜಿಯ ಬಾಯಿಗೆ ಕೈ ಅಡ್ಡ ಇಟ್ಟ.

“ಹುಲಿ ಬಿಡದೇ ಇದ್ದಿದ್ರೆ?”

“ಬಿಡ್ತಲ್ಲೋ ಕಂದ, ಮುಂದೆ ಕೇಳು.”

“ಬಿಡದೇ ಇದ್ದಿದ್ರೆ ಅಂದೆ.”

ಅಜ್ಜಿಯ ಹತ್ತಿರ ಉತ್ತರ ಇರಲಿಲ್ಲ. ಮಗಳು ಆ ಸಂದಿಯಲ್ಲಿ, ಎಷ್ಟು ದಿನದಿಂದ ನುಂಗಿಕೊಂಡಿದ್ದಳೋ, ನೇರವಾಗಿ ಕೇಳಿಬಿಟ್ಟಳು: “ಅಪ್ಪಾ, ನಿಂಗೇನಾಗಿದೆ?”

ನಿದ್ದೆಗಣ್ಣಿನಲ್ಲಿದ್ದ ಅಪ್ಪ ಎದ್ದು ಗೋಡೆಗೆ ಒರಗಿ ಕೂತರು. ಕಿಡ್ನಿ ಅಂದರೆ ಏನು, ಎಲ್ಲಿರುತ್ತದೆ, ಮುಷ್ಟಿಯಷ್ಟು ದೊಡ್ಡದಿರುತ್ತದೆ, ರಕ್ತ ಸೋಸುತ್ತದೆ, ತನ್ನವೆರಡೂ ಕೆಲಸ ನಿಲ್ಲಿಸಿವೆ, ಆ ಕೆಲಸ ಈಗ ಮೆಷಿನ್ ಮಾಡುತ್ತಿದೆ ಎಂದು ಮುಷ್ಟಿ ಹಿಡಿದು ಬೆನ್ನಿಗಿಟ್ಟು ತೋರಿಸಿ ಹೇಳಿದರು. ವಾಸಿ ಆಗತ್ತಾ? ಆಗಲ್ಲ, ಆದ್ರೆ ನಡೆಸ್ಕೊಂಡು ಹೋಗಬಹುದು. ಮೆಷಿನ್‌ಗೆ ಹೋಗದೇ ಇದ್ರೆ? ಹೋಗದೇ ಇದ್ರೆ ಕಷ್ಟ, ಅದಕ್ಕೇ ಮಳೆ ಬಂದ್ರೂ ಬಂದ್ ಆದ್ರೂ ಹೋಗ್ತೀನಿ. ಮಗ ಕೇಳಬೇಕಾದದ್ದನ್ನು ಕೇಳಿಯೇ ಕೇಳಿದ, ಸತ್ತುಹೋಗ್ತೀಯಾ ಅಂತ. ಈಗೇನೂ ಇಲ್ಲ, ಅದಕ್ಕೇ ಮೆಷಿನ್ ಇರೋದು ಎಂದರು ಅಪ್ಪ. ಅಮ್ಮ ಬಾಗಿಲಲ್ಲಿ ನಿಂತಿದ್ದರು. ಅಜ್ಜಿ ಕಣ್ಣೊರೆಸಿಕೊಂಡು, ಹಾಡನ್ನು ನಡುವೆ ಬಿಡಬಾರದು ಎಂದು ಉಳಿದದ್ದನ್ನು ಹಾಡಿ ಮುಗಿಸಿದರು. ಹುಲಿ ಹಾರಿ ನೆಗೆದು ಪ್ರಾಣ ಬಿಟ್ಟದ್ದು ಮಗನಿಗೆ ಕೊನೆಗೂ ಸರಿ ಕಾಣಲಿಲ್ಲ. ಸಾಯೋ ಬದಲು ಅದು ಹುಲ್ಲು ತಿಂದು ನೋಡಬಹುದಿತ್ತು ಎಂದು ಗೊಣಗುತ್ತ ಮಲಗಿದ.

ಎ.ಕೆ. ರಾಮಾನುಜನ್ ಬಹಳ ವರ್ಷ ಸಂಗ್ರಹಿಸಿದ ಕನ್ನಡದ ಜನಪದ ಕಥೆಗಳು ಅವರು ತೀರಿಕೊಂಡ ಮೇಲೆ 1997ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದವು. ಅದರಲ್ಲಿ ಒಬ್ಬ ಗೃಹಿಣಿಯ ಕಥೆ ಇದೆ. ಅವಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತದೆ. ಯಾರಿಗೂ ಹೇಳುವುದಿಲ್ಲ. ಒಳಗೆ ಉಸಿರುಗಟ್ಟಿದ ಕಥೆ, ಹಾಡು ಎರಡೂ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು, ಒಂದು ಚಪ್ಪಲಿ ಜೋಡಾಗಿ ಬಾಗಿಲ ಹೊರಗೆ ಕೂರುತ್ತದೆ, ಇನ್ನೊಂದು ಗಂಡಸಿನ ಅಂಗಿಯಾಗಿ ಗೂಟಕ್ಕೆ ತೂಗುತ್ತದೆ. ಮನೆಗೆ ಬಂದ ಗಂಡ ಇವು ಯಾರವು ಎಂದು ಕೇಳುತ್ತಾನೆ. ಅವಳಿಗೆ ಗೊತ್ತಿಲ್ಲ. ಜಗಳವಾಗಿ ಗಂಡ ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ಊರಿನ ಮನೆಗಳಲ್ಲಿ ಆರಿಸಿದ ದೀಪದ ಕುಡಿಗಳೆಲ್ಲ ರಾತ್ರಿ ಆ ಗುಡಿಗೆ ಬಂದು ಹರಟೆ ಹೊಡೆಯುವಾಗ ಅವನಿಗೆ ನಿಜ ತಿಳಿಯುತ್ತದೆ. ಗಿರೀಶ ಕಾರ್ನಾಡರು ‘ನಾಗಮಂಡಲ’ ನಾಟಕದ ಆರಂಭವನ್ನು ಕಟ್ಟಿದ್ದು ಇದೇ ಕಥೆಯ ಮೇಲೆ. ಹೇಳದೆ ಇಟ್ಟುಕೊಂಡದ್ದು ಮನೆಯೊಳಗೆ ಬೇರೆ ವೇಷ ಹಾಕಿ ಕೂರುತ್ತದೆ ಎಂದು ಈ ಕಥೆ ಹೇಳುತ್ತದೆ. ಮೂಡಲಪಾಳ್ಯದ ಮನೆಯಲ್ಲಿ ಅದು ಹಾಕಿದ್ದ ವೇಷ ಮಗಳ ಶಾಲೆಯ ನೋಟ್‌ಬುಕ್ಕಿನಲ್ಲಿತ್ತು. ಎರಡು ತಿಂಗಳಿಂದ ಅವಳ ಲೆಕ್ಕಗಳು ತಪ್ಪುತ್ತಿದ್ದವು, ಟೀಚರು ಅಮ್ಮನನ್ನು ಕರೆಸಿ ಕೇಳಿದ್ದರು. ಗೋವಿನ ಹಾಡಿನ ರಾತ್ರಿಯ ಮೇಲೆ ಲೆಕ್ಕಗಳೇನೂ ತಕ್ಷಣ ಸರಿಯಾಗಲಿಲ್ಲ. ಅಡುಗೆಮನೆಯ ಪಿಸುಮಾತು ಮಾತ್ರ ನಿಂತಿತು.

ನಿಂತ ಮೇಲೆ ಕಾಯಿಲೆಯೇ ಕಥೆಯ ಸಾಮಾನಾಯಿತು. ಲೇತ್ ಮೇಲೆ ಇಪ್ಪತ್ತು ವರ್ಷ ಕೈಯಾಡಿಸಿದ ಅಪ್ಪನಿಗೆ ಡಯಾಲಿಸಿಸ್ ಮೆಷಿನ್ನೆಂದರೆ ಭಯಕ್ಕಿಂತ ಕುತೂಹಲವೇ ಹೆಚ್ಚು. ಪಂಪು ಎಲ್ಲಿದೆ, ಗೇಜು ಏನು ತೋರಿಸುತ್ತದೆ, ಗಾಳಿಗುಳ್ಳೆ ಬಂದರೆ ಅಲಾರಂ ಯಾಕೆ ಹೊಡೆಯುತ್ತದೆ ಎಂದೆಲ್ಲ ಟೆಕ್ನೀಷಿಯನ್ನರನ್ನು ಕೇಳಿ ತಿಳಿದುಕೊಂಡು ಬರುತ್ತಿದ್ದರು. ಡಯಲೈಸರ್ ಎಂಬ ಕೊಳವೆಯೊಳಗೆ ಕೂದಲಿನಷ್ಟು ಸಣ್ಣ ಸಾವಿರಾರು ನಳಿಕೆಗಳಿರುತ್ತವೆ, ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತ ಅದರಲ್ಲಿ ಹಾದುಹೋಗುತ್ತದೆ, ಒಂದು ಸಲದ ಡಯಾಲಿಸಿಸ್‌ಗೆ ನೂರು ಲೀಟರಿಗೂ ಹೆಚ್ಚು ಶುದ್ಧ ನೀರು ಬೇಕು ಎಂದು ಹೇಳಿದರೆ, ಕಾವೇರಿ ನೀರು ಬರುವ ದಿನಕ್ಕೆ ಕಾದು ಸಂಪು ತುಂಬಿಸುವ ಮನೆಯ ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚು ಸಲ ಹೇಳಿಸಿಕೊಂಡದ್ದು ಆ ಮೆಷಿನ್ ಹುಟ್ಟಿದ ಕಥೆ. ಎರಡನೇ ಮಹಾಯುದ್ಧದ ಕಾಲ, ಜರ್ಮನರು ಹಿಡಿದಿದ್ದ ನೆದರ್ಲೆಂಡ್ಸ್, ಕಾಂಪೆನ್ ಎಂಬ ಸಣ್ಣ ಊರಿನ ಆಸ್ಪತ್ರೆ. ವಿಲ್ಲೆಮ್ ಕೋಲ್ಫ್ ಎಂಬ ಎಳೆಯ ವೈದ್ಯ. ಮಾಂಸದ ಸಾಸೇಜ್ ತುಂಬುವ ಸೆಲೊಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ, ಅದರೊಳಗೆ ರೋಗಿಯ ರಕ್ತ ಹರಿಸಿ, ಉಪ್ಪುನೀರಿನ ತೊಟ್ಟಿಯಲ್ಲಿ ಉರುಳೆಯನ್ನು ತಿರುಗಿಸಿದ. ಅದು 1943. ಯುದ್ಧದಲ್ಲಿ ಸಾಮಾನು ಸಿಗದ ಕಾಲದಲ್ಲಿ ಕೈಗೆ ಸಿಕ್ಕಿದ್ದರಲ್ಲೇ ಮಾಡಿದ್ದು. ಮೊದಮೊದಲ ರೋಗಿಗಳು ಒಬ್ಬರಾದ ಮೇಲೊಬ್ಬರು ತೀರಿಕೊಂಡರು. ಅವನು ಬಿಡಲಿಲ್ಲ. 1945ರಲ್ಲಿ ಪ್ರಜ್ಞೆ ತಪ್ಪಿದ್ದ 67 ವರ್ಷದ ಹೆಂಗಸೊಬ್ಬಳು ಕಣ್ಣು ಬಿಟ್ಟಳು, ಮುಂದೆ ಕೆಲವು ವರ್ಷ ಬದುಕಿದಳು. ಕಣ್ಣು ಬಿಟ್ಟವಳೇ ಗಂಡನಿಗೆ ಡೈವೋರ್ಸ್ ಕೊಡುತ್ತೇನೆ ಅಂದಳಂತೆ ಎಂಬ ಮಾತು ಡಯಾಲಿಸಿಸ್ ವಾರ್ಡುಗಳಲ್ಲಿ ಚಾಲ್ತಿಯಲ್ಲಿದೆ. ಈ ಜಾಗಕ್ಕೆ ಬಂದಾಗಲೆಲ್ಲ ಅಜ್ಜಿ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಮಗನಿಗೆ ಇಷ್ಟವಾದದ್ದು ಮರದ ಉರುಳೆ. ಅಪ್ಪಾ, ಅದನ್ನ ನೀನೂ ಲೇತಲ್ಲಿ ಮಾಡಬಹುದಿತ್ತು ಅಲ್ವಾ ಎಂದು ಕೇಳಿದರೆ ಅಪ್ಪ, ಅಳತೆ ಕೊಟ್ಟರೆ ಮಾಡುತ್ತೇನೆ ಎನ್ನುತ್ತಿದ್ದರು.

ಲೇತ್ ಕೆಲಸ ಆ ಹೊತ್ತಿಗೆ ಬಿಟ್ಟುಹೋಗಿತ್ತು. ಫಿಸ್ಟುಲಾ ಕೈಯಲ್ಲಿ ಕಬ್ಬಿಣದ ರಾಡು ಎತ್ತುವಂತಿಲ್ಲ. ವರ್ಕ್‌ಶಾಪಿನ ಮಾಲೀಕರು ಸ್ಟೋರಿನ ಲೆಕ್ಕ ಬರೆಯುವ ಕೆಲಸ ಕೊಟ್ಟು ಉಳಿಸಿಕೊಂಡರು. ಸಂಬಳ ಕಡಿಮೆಯಾಯಿತು. ಅಮ್ಮ ಹೊಲಿಗೆ ಮೆಷಿನ್ ತಂದು ಅಕ್ಕಪಕ್ಕದವರ ರವಿಕೆಗೆ ಕೂತರು. ಮಗನನ್ನು ಎತ್ತಿ ಹೆಗಲ ಮೇಲೆ ಕೂರಿಸುವುದು, ನೀರಿನ ಕ್ಯಾನು ಮೇಲೆ ತರುವುದು, ಭಾನುವಾರ ಸ್ಕೂಟರಿನಲ್ಲಿ ಸುತ್ತಿಸುವುದು ಒಂದೊಂದಾಗಿ ನಿಂತವು. ಅಪ್ಪನ ಪಾಲಿಗೆ ಉಳಿದ ಕೆಲಸ ರಾತ್ರಿಯ ಕಥೆ. ಅದನ್ನು ಅವರು ಲೇತ್ ಕೆಲಸದಷ್ಟೇ ಶ್ರದ್ಧೆಯಿಂದ ಮಾಡಿದರು. ಮೆಷಿನ್ನಿನ ಪಕ್ಕ ಮಲಗಿದ ನಾಲ್ಕು ಗಂಟೆ ಎಡಗೈ ಅಲ್ಲಾಡುವಂತಿಲ್ಲ. ದಪ್ಪ ಪುಸ್ತಕ ಒಂದು ಕೈಗೆ ನಿಲ್ಲುವುದಿಲ್ಲ. ರಾಷ್ಟ್ರೋತ್ಥಾನದವರ ‘ಭಾರತ-ಭಾರತಿ’ ಮಾಲೆಯ ಅಂಗೈ ಅಗಲದ ಪುಸ್ತಕಗಳು ನಿಲ್ಲುತ್ತವೆ. 510 ಪುಸ್ತಕಗಳ ಆ ಮಾಲೆಯಲ್ಲಿ ಕೆಲವು ಮನೆಯಲ್ಲೇ ಇದ್ದವು. ಆಮೇಲೆ ಫೋನು ಬಂತು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ. ಅಪ್ಪ ಬಲಗೈಯಲ್ಲಿ ಫೋನು ಹಿಡಿದು ಮಗನಿಗೆ ತಕ್ಕದ್ದೊಂದು, ಮಗಳಿಗೆ ತಕ್ಕದ್ದೊಂದು ಆರಿಸಿ ಇಟ್ಟುಕೊಳ್ಳುತ್ತಿದ್ದರು. ಮೊದಲೇ ಒಮ್ಮೆ ಓದಿಕೊಂಡು ಎಲ್ಲಿ ದನಿ ಏರಿಸಬೇಕು ಎಂದು ಲೆಕ್ಕ ಹಾಕಿಕೊಳ್ಳುವರು. ಪಕ್ಕದ ಹಾಸಿಗೆಯ ಹಿರಿಯರೊಬ್ಬರು ನನಗೂ ಓದಪ್ಪಾ ಎಂದು ಕೇಳಿದ್ದೂ ಉಂಟು.

ಊಟದ ಮನೆಯಲ್ಲೂ ಕಥೆಯಿತ್ತು. ಕಿಡ್ನಿ ಕೆಟ್ಟವರಿಗೆ ಪೊಟ್ಯಾಸಿಯಂ ಶತ್ರು. ಎಳನೀರು, ಬಾಳೆಹಣ್ಣು ದೂರ. ಸೊಪ್ಪು ತರಕಾರಿಯನ್ನು ಹೆಚ್ಚಿ ನೀರಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂ ಸಾಕಷ್ಟು ನೀರಿಗೆ ಇಳಿದುಹೋಗುತ್ತದೆ. ಹಳೇ ಮೈಸೂರು ಕಡೆಯವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಬಸ್ಸಾರು ಮಾಡುವಾಗ ಅಜ್ಜಿ ಬಸಿದ ಸೊಪ್ಪಿನ ಪಲ್ಯವನ್ನು ಉಪ್ಪು ಕಡಿಮೆ ಹಾಕಿ ಅಪ್ಪನಿಗೆ ಎತ್ತಿಟ್ಟು, ಕಟ್ಟಿನಲ್ಲಿ ಮಿಕ್ಕವರಿಗೆ ಸಾರು ಮಾಡುತ್ತಿದ್ದರು. ಅಪ್ಪನಿಗೆ ಪ್ರಾಣವಾಗಿದ್ದ ಸಾರು ಅಪ್ಪನಿಗೇ ಇಲ್ಲ. ನೀರಿಗಂತೂ ದಿನಕ್ಕೊಂದು ಲೀಟರಿನ ಸ್ಟೀಲ್ ಬಾಟಲಿ, ಕಾಫಿ ಮಜ್ಜಿಗೆ ಎಲ್ಲ ಅದರ ಲೆಕ್ಕದಲ್ಲೇ. ಹೀಗಿರುವಾಗ ಒಂದು ರಾತ್ರಿ ಅಪ್ಪ ಬಾಯಾರಿದ ಕಾಗೆಯ ಕಥೆ ಓದಲು ಹೋದರು. ಕಲ್ಲು ಹಾಕಿ ನೀರು ಮೇಲೆ ಬಂತು, ಕಾಗೆ ಹೊಟ್ಟೆ ತುಂಬ ಕುಡಿಯಿತು ಎಂಬಲ್ಲಿ ಮಗ ತಡೆದ. ಕಾಗೆಗೆ ಲಿಮಿಟ್ ಎಷ್ಟು? ಅಪ್ಪ ನಕ್ಕು ನಕ್ಕು ಕೆಮ್ಮು ಬಂತು. ಅಂದಿನಿಂದ ಆ ಮನೆಯ ಕಾಗೆ ಒಂದೇ ಗುಟುಕು ಕುಡಿದು ಬಾಯಿ ಮುಕ್ಕಳಿಸಿ ಹಾರಿಹೋಗುತ್ತದೆ.

2020ರ ಮಾರ್ಚ್ 25ರಿಂದ ಲಾಕ್‌ಡೌನ್. ಡಯಾಲಿಸಿಸ್‌ಗೆ ರಜೆ ಇಲ್ಲ. ಮೆಟ್ರೊ ನಿಂತಿತು, ಮತ್ತೆ ಓಡಿದ್ದು ಸೆಪ್ಟೆಂಬರಿನಲ್ಲಿ. ಪಕ್ಕದ ಬೀದಿಯ ಆಟೊದವರು ಆಸ್ಪತ್ರೆಯ ಪತ್ರ ತೋರಿಸಿಕೊಂಡು ಕರೆದೊಯ್ದು ಕರೆತಂದರು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿಬರುವವರಿಂದ ಮನೆಗೆ ಸೋಂಕು ಬಂದೀತು, ಮನೆಯವರಿಂದ ಅವರಿಗೂ ಬಂದೀತು ಎಂಬ ಎರಡೂ ಕಡೆಯ ಭಯ. ಅಪ್ಪ ಹಾಲಿನಲ್ಲಿ ಒಬ್ಬರೇ ಮಲಗತೊಡಗಿದರು. ನಡುವೆ ಬಾಗಿಲು, ಬಾಗಿಲಿಗೆ ಪರದೆ. ಬಲಗೈ ಪಕ್ಕ ಖಾಲಿ. ಪುಸ್ತಕಗಳೆಲ್ಲ ರೂಮಿನಲ್ಲಿದ್ದದ್ದರಿಂದ ಓದುವ ಕೆಲಸ ಮಗಳಿಗೆ ಬಂತು. ಹಾಲಿಗೆ ಕೇಳುವಂತೆ ಗಟ್ಟಿಯಾಗಿ ಓದಬೇಕು, ಆಚೆಯಿಂದ ಅಪ್ಪ ಹ್ಞೂಂ ಅನ್ನಬೇಕು. ಕೆಳಗಿನ ಮನೆಯವರು ಮೊದಮೊದಲು, ಇದೇನು ರಾತ್ರಿ ಹೊತ್ತು ಮಗು ಪಾಠ ಒಪ್ಪಿಸುತ್ತಿದೆ ಅಂದುಕೊಂಡರಂತೆ. ಆಮೇಲೆ ಅವರ ಮಗುವೂ ಮೆಟ್ಟಿಲ ಮೇಲೆ ಬಂದು ಕೂರತೊಡಗಿತು.

ಆ ಓದು ಮತ್ತೆ ಅಪ್ಪನಿಗೆ ಹಿಂತಿರುಗಲಿಲ್ಲ. ಬಾಗಿಲು ತೆರೆದ ಮೇಲೂ ಮಗಳೇ ಓದಿದಳು. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಹಿಡಿದು ಅದರಲ್ಲಿ ಬರುವ ಕಿವಿ ಎಂಬ ನಾಯಿಯ ಹಿಂದೆ ಬಹಳ ದಿನ ಎಲ್ಲರೂ ಅಲೆದರು. ಮಗ ದೊಡ್ಡವನಾದ, ಅವನಿಗೆ ಈಗ ರಾತ್ರಿ ಕ್ರಿಕೆಟ್ ಸ್ಕೋರು ಬೇಕು. ಅಜ್ಜಿ ಊರಿಗೆ ಹೋಗಿದ್ದಾರೆ. ಕಿಡ್ನಿ ಕಸಿಗೆ ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಂಡದ್ದೂ ಆಯಿತು. ಅಮ್ಮನಿಗೆ ಸಕ್ಕರೆ ಕಾಣಿಸಿಕೊಂಡಿತ್ತು, ಅಜ್ಜಿಗೆ ವಯಸ್ಸು, ಬಿಪಿ ಅಡ್ಡ ಬಂದವು. 1994ರ ಅಂಗಾಂಗ ಕಸಿ ಕಾಯ್ದೆ ಹತ್ತಿರದ ರಕ್ತಸಂಬಂಧಿಗಳಿಗೆ, ಗಂಡಹೆಂಡತಿಗೆ ಕೊಡುವ ಅವಕಾಶ ಮಾಡಿದೆ, ಆದರೆ ಕೊಡುವವರ ಆರೋಗ್ಯವೂ ಒಪ್ಪಬೇಕಲ್ಲ. ಈಗ ಅಪ್ಪನ ಹೆಸರು ರಾಜ್ಯದ ಅಂಗಾಂಗ ಕಸಿ ಸಂಸ್ಥೆ ಜೀವಸಾರ್ಥಕತೆಯ ಕಾಯುವವರ ಪಟ್ಟಿಯಲ್ಲಿದೆ. ಕಿಡ್ನಿ ಸಿಗುವವರೆಗೆ ವಾರಕ್ಕೆ ಮೂರು ದಿನ ಅತ್ತಿಗುಪ್ಪೆ, ಮೆಜೆಸ್ಟಿಕ್, ಮಾರ್ಕೆಟ್.

ಕಥೆಯಿಂದ ಕ್ರಿಯಾಟಿನಿನ್ ಇಳಿಯಿತು ಎಂದು ಆ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಚಿಕ್ಕಮಕ್ಕಳಿಗೆ ಹುಟ್ಟಿದಾಗಿನಿಂದಲೇ ಗಟ್ಟಿಯಾಗಿ ಓದಿ ಹೇಳಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಶಿಫಾರಸು ಮಾಡಿತ್ತು. ಅವರ ಗಮನ ಮಗುವಿನ ಭಾಷೆ, ಬುದ್ಧಿ, ಬಾಂಧವ್ಯದ ಮೇಲೆ. ಮೂಡಲಪಾಳ್ಯದ ಅಮ್ಮನನ್ನು ಕೇಳಿದರೆ ಅವರು ಇನ್ನೊಂದು ಲಾಭ ಹೇಳುತ್ತಾರೆ. ಎಷ್ಟೇ ಸುಸ್ತಾದರೂ ರಾತ್ರಿ ಒಂಬತ್ತೂವರೆಗೆ ನಮ್ಮನೆಯವರು ರೋಗಿಯಲ್ಲ, ಅಪ್ಪ. ಅಷ್ಟು ಸಾಕಾಗಿತ್ತು ನಮಗೆ, ಎನ್ನುತ್ತಾರೆ.

ಇಷ್ಟನ್ನು ಓದಿದವರಲ್ಲಿ ಒಂದು ಕೋರಿಕೆ. 2016ರ ಕೇಂದ್ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾದ ಮೇಲೆ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಹಾಸಿಗೆಗಳು ಬಂದಿವೆ. ಪ್ರತಿ ಹಾಸಿಗೆಯಲ್ಲೂ ಒಬ್ಬರು ನಾಲ್ಕು ಗಂಟೆ ಒಂದು ಕೈ ಅಲ್ಲಾಡಿಸದೆ ಮಲಗಿರುತ್ತಾರೆ, ಹೊರಗೆ ಬೆಂಚಿನ ಮೇಲೆ ಅವರ ಮನೆಯವರು ಅಷ್ಟೇ ಹೊತ್ತು ಕಾಯುತ್ತಾರೆ. ಅಲ್ಲಿ ಟಿವಿ ಇರುತ್ತದೆ, ಕನ್ನಡದ ಮಕ್ಕಳ ಪುಸ್ತಕದ ಒಂದು ಕಪಾಟು ಇರುವುದಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಪ್ರತಿ ರೂಪಾಯಿಯ ಮೇಲೆ ಆರು ಪೈಸೆ ಗ್ರಂಥಾಲಯ ಕರ ಸೇರಿಯೇ ಹೋಗುತ್ತದೆ. ಆ ಹಣದಲ್ಲಿ ಕೊಂಡ ಪುಸ್ತಕಗಳಲ್ಲಿ ಒಂದು ಪಾಲು ಆಸ್ಪತ್ರೆಯ ಬೆಂಚಿನವರೆಗೂ ಬರಲಿ ಎಂದು ಗ್ರಂಥಾಲಯ ಇಲಾಖೆಯನ್ನು ಕೇಳುವುದು ಅತಿಯಾಸೆಯೇನಲ್ಲ. ಇಲಾಖೆ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ನಿಮ್ಮ ಮಕ್ಕಳು ಓದಿ ಬಿಟ್ಟ ಕಥೆಪುಸ್ತಕಗಳು ಅಟ್ಟದ ಮೇಲಿದ್ದರೆ, ಹತ್ತಿರದ ಡಯಾಲಿಸಿಸ್ ಕೇಂದ್ರದವರನ್ನು ಒಂದು ಮಾತು ಕೇಳಿ ಕೊಟ್ಟು ಬನ್ನಿ. ತೆಳುವಾದವನ್ನೇ ಆರಿಸಿ, ಒಂದು ಕೈಯಲ್ಲಿ ಹಿಡಿಯಲು ಆಗಬೇಕು.